ತೆಗೆದದ್ದು ನಿಂಬೆಹಣ್ಣಿನಷ್ಟು

ತೊಂದರೆ ಶುರುವಾದದ್ದು ಕಡಿತದಿಂದ.

ಪೂರಿಗಾಲಿಯ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ರವಿಚಂದ್ರನಿಗೆ ಬಲಗಡೆ ಪಕ್ಕೆಯ ಕೆಳಗೆ ಕಡಿಯತೊಡಗಿತು. ಅಂಗಿ ಎತ್ತಿ ಪರಪರ ಕೆರೆದುಕೊಂಡ. ಹಿತವೆನ್ನಿಸಿ ಕಣ್ಣು ಮುಚ್ಚಿದ. ಕಣ್ಣು ಬಿಟ್ಟರೆ ಪಕ್ಕದ ಮನೆಯ ಮುದ್ದಯ್ಯ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಂತೆ ಬಗ್ಗಿ ಅವನ ಹೊಟ್ಟೆ ನೋಡುತ್ತಿದ್ದ.

“ಏನ್ಲಾ ಅದು, ಒಟ್ಟೆ ಮೇಲೆ ಬದ ಆಕ್ದಂಗೆ ಗೆರೆ?”

“ಅಪೆಂಡಿಕ್ಸು, ದೊಡ್ಡಪ್ಪ.”

“ಅಪೆಂಡಿಕ್ಸು ಇರದು ಇಲ್ಲಿ ಕಣ್ಲಾ,” ಎಂದು ಮುದ್ದಯ್ಯ ಸಾಲಿನಲ್ಲೇ ಪಂಚೆ ಸಡಿಲಿಸಿ ತನ್ನ ಗುರುತು ತೋರಿಸಿದ. ಹಾಲು ಹಾಕಲು ಬಂದಿದ್ದ ಹೆಂಗಸರು ಆಚೆ ತಿರುಗಿಕೊಂಡರು. “ನಿಂದು ಪಕ್ಕೆ ಮೂಳೆ ತಾವ ಅದೆ. ಅಲ್ಲೇನಿತ್ತು ತಗಿಯಕ್ಕೆ?”

ರವಿಚಂದ್ರ ಅಂಗಿ ಕೆಳಗೆಳೆದುಕೊಂಡು, ಹಾಲೂ ಹಾಕದೆ ಮನೆಗೆ ನಡೆದ. ಇದು ಕೆರೆದುಕೊಂಡದ್ದಕ್ಕಿಂತ ದೊಡ್ಡ ತಪ್ಪು.

ಅವನಿಗೆ ಮೂವತ್ತೈದು ದಾಟಿತ್ತು. ಗದ್ದೆ ಇತ್ತು, ಹಿಪ್ಪುನೇರಳೆ ತೋಟ ಇತ್ತು, ಹೊಸ ಪವರ್ ಟಿಲ್ಲರ್ ಇತ್ತು. ಹೆಂಡತಿ ಇರಲಿಲ್ಲ. ಹುಡುಗ ಬೇಸಾಯ ಮಾಡುತ್ತಾನೆ ಅಂದ ಕೂಡಲೇ ಹೆಣ್ಣು ಹೆತ್ತವರು ಫೋನ್ ಇಟ್ಟುಬಿಡುತ್ತಿದ್ದರು. ಹೇಗೋ ಏನೋ, ಶಿವಪುರದ ಹೊನ್ನಯ್ಯ ತಮ್ಮ ಮಗಳು ಅಮೃತಳಿಗೆ ಇವನಾಗಬಹುದು ಎಂದಿದ್ದರು. ಹುಡುಗ ಕುಡಿಯುತ್ತಾನಾ ಎಂದು ಕೇಳಿದ್ದು ಬಿಟ್ಟರೆ ಅವರು ಬೇರೇನೂ ವಿಚಾರಿಸಿರಲಿಲ್ಲ. ಮನೆ ನೋಡಲು ಬರುವುದು ಇವತ್ತೇ, ಮಧ್ಯಾಹ್ನದ ಊಟಕ್ಕೆ.

ಮುಚ್ಚಿಟ್ಟದ್ದು ಒಂದಿತ್ತು. ಹೋದ ವರ್ಷ ಅವನ ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಒಂದು ಗಡ್ಡೆ ಕಾಣಿಸಿ ಮೈಸೂರಿನಲ್ಲಿ ಆಪರೇಷನ್ ಆಗಿತ್ತು. ಕ್ಯಾನ್ಸರ್ ಅಲ್ಲ ಎಂದು ರಿಪೋರ್ಟೂ ಬಂದಿತ್ತು. ಮಗ ರೇಷ್ಮೆ ತರಬೇತಿಗೆ ಹೋಗಿದ್ದಾನೆ ಎಂದು ತಾಯಿ ಅಂಕಮ್ಮ ಊರಿಗೆಲ್ಲ ಹೇಳಿದ್ದಳು. ಅವರಿಬ್ಬರನ್ನು ಬಿಟ್ಟು ನಿಜ ಗೊತ್ತಿದ್ದದ್ದು ಆಸ್ಪತ್ರೆಯಲ್ಲಿ ಜೊತೆಗಿದ್ದ ಗೆಳೆಯ ಜಲಾಲನಿಗೆ ಮಾತ್ರ. ಅವನು ಮಳವಳ್ಳಿಯಲ್ಲಿ ಟಿಲ್ಲರ್ ರಿಪೇರಿ ಮಾಡುತ್ತಿದ್ದ.

ಒಬ್ಬಟ್ಟಿನ ಹೂರಣ ರುಬ್ಬಿ ಮುಗಿಯುವಷ್ಟರಲ್ಲಿ ಎದುರು ಮನೆಯ ರೂಪ ಬಂದಳು.

“ಅಂಕಮ್ಮತ್ತೆ, ರವಿಯಣ್ಣನ ಕಿಡ್ನಿ ಮಾರಿ ಟಿಲ್ಲರ್ ತಗಂಡ್ರಂತೆ, ನಿಜವಾ?”

“ಯಾವ್ ಬಾಯಿ ಅಂಗಂದಿದ್ದು? ಅದು ಸಬ್ಸಿಡಿಲಿ ಬಂದದ್ದು ಕಣಮ್ಮ!”

“ಕಿಡ್ನಿಗೂ ಸಬ್ಸಿಡಿ ಕೊಡ್ತಾರಾ?” ಎಂದು ರೂಪ ಆಸೆಯಿಂದ ಕೇಳಿದಳು.

ಅವಳು ಹೋದಮೇಲೆ ಕುರ್ಚಿ ಹೊತ್ತುಕೊಂಡು ಜಲಾಲ್ ಬಂದ. ಬಸ್‌ಸ್ಟಾಪಿನಲ್ಲಿ ಸುದ್ದಿ ಎರಡೂ ಕಿಡ್ನಿಗೆ ಏರಿದೆ ಎಂದು ತಿಳಿಸಿದ.

“ಎಲ್ಡೂ ಮಾರಿದ್ರೆ ನಾನು ನಿಂತಿರದು ಎಂಗ್ಲಾ?” ಎಂದ ರವಿಚಂದ್ರ.

“ನಂಗೊತ್ತು ಕಣ್ಲಾ. ಅವ್ರಿಗೆ ಯೋಳು. ಬೀಗರು ಬಂದೇಟ್ಗೆ ಇದ್ದದ್ದು ಇದ್ದಂಗೆ ಯೋಳ್ಬುಡು.”

“ಈಲಿ ಕುಯ್ಸ್ಕಂಡಿವ್ನಿ ಅಂದ್ರೆ ಎಣ್ಣು ಕೊಡ್ತಾರಾ? ನೀನು ಬಾಯಿ ಮುಚ್ಕಂಡು ಕುರ್ಚಿ ಆಕು.”

ಬೀಗರಾಗಬೇಕಾದವರು ಕಾರಿನಲ್ಲಿ ಬಂದಿಳಿದರು. ಹೊನ್ನಯ್ಯ ಸಣಕಲು ಆಳು. ಮನೆಯೊಳಗೆ ಬಂದರೂ ಕಪ್ಪು ಕನ್ನಡಕ ತೆಗೆಯಲಿಲ್ಲ. ಕಣ್ಣಿನ ಪೊರೆ ತೆಗೆಸಿರಬೇಕು ಎಂದುಕೊಂಡು ಅಂಕಮ್ಮ ಕಿಟಕಿಗೆ ಟವೆಲ್ ಕಟ್ಟಿದಳು. ಮಾತೆಲ್ಲ ಅವರ ತಮ್ಮ ಅಶೋಕನದು. ಅವನು ಗೋಡೆ, ಕೊಟ್ಟಿಗೆ, ಟಿಲ್ಲರ್ ಯಾವುದನ್ನೂ ನೋಡಲಿಲ್ಲ. ರವಿಚಂದ್ರನನ್ನು ಮಾತ್ರ ಮೇಲಿಂದ ಕೆಳಗೆ ನೋಡಿದ.

ಎಲೆ ಹಾಕುವ ಹೊತ್ತಿಗೆ ಮುದ್ದಯ್ಯ ಕರೆಯದೇ ಬಂದು ಅಶೋಕನ ಪಕ್ಕ ಕುಳಿತ. ಹೊನ್ನಯ್ಯ ಒಬ್ಬಟ್ಟು ಮುಟ್ಟದೆ ಮಜ್ಜಿಗೆ ಅನ್ನ ಕಲೆಸಿಕೊಂಡರು. ಮುದ್ದಯ್ಯ ಎರಡು ಒಬ್ಬಟ್ಟು ಮುಗಿಸಿ, ಮೂರನೆಯದಕ್ಕೆ ತುಪ್ಪ ಹಾಕಿಸಿಕೊಂಡು ಗಂಟಲು ಸರಿಮಾಡಿಕೊಂಡ.

“ಮುಚ್ಚುಮರೆ ಬ್ಯಾಡ ನೋಡಿ ಯಜಮಾನ್ರೆ. ನಮ್ ಉಡ್ಗನ ಒಟ್ಟೆ ಒಳಗೆ ಏನೋ ಒಂದು ಕಮ್ಮಿ ಅದೆ. ಏನು ಅಂತ ಅವ್ನೇ ಯೋಳ್ಬೇಕು.”

ಅಶೋಕನ ಕೈ ಬಾಯಿಯ ಹತ್ತಿರವೇ ನಿಂತಿತು. ಅಂಕಮ್ಮನ ಕೈಯ ಸೌಟು ಸಾರಿನೊಳಗೆ ಜಾರಿತು.

ರವಿಚಂದ್ರ ಎದ್ದು ಅಡುಗೆಮನೆಗೆ ಹೋದ. ಓಡಿಹೋದ ಎಂದೇ ಎಲ್ಲರೂ ತಿಳಿದರು. ಅವನು ಒಂದು ಬದನೆಕಾಯಿ, ಒಂದು ಚಾಕು ಹಿಡಿದು ವಾಪಸು ಬಂದ.

“ನೋಡಿ ಅಣ್ಣ, ಇದು ನನ್ ಈಲಿ ಅಂದ್ಕಳಿ. ಇಲ್ಲೊಂದು ಉಳುಕು ಇತ್ತು. ಮುಂಚೆ ಆಗಿದ್ರೆ ಇಂಗೆ ಅರ್ಧಕ್ಕರ್ಧ ಕುಯ್ದು ತೆಗ್ದುಬುಡೋರಂತೆ. ಈಗ ಅಂಗಲ್ಲ. ಉಳುಕು ಇರೋವಷ್ಟು, ಅದ್ರ ಸುತ್ತ ಒಂಚೂರು, ಅಷ್ಟೇ ತಗದು. ಮಿಕ್ಕದ್ದೆಲ್ಲ ಅಂಗೇ ಬುಟ್ಟವ್ರೆ.”

ಚಾಕು ಹಾಕಿ ಒಂದು ಚೂರು ತೆಗೆದ. ಬದನೆಕಾಯಿಯಲ್ಲಿ ನಿಜವಾಗಿಯೇ ಹುಳವಿತ್ತು. ಅದು ನಿಧಾನವಾಗಿ ತಲೆ ಹೊರಹಾಕಿ ಸಭೆಯನ್ನು ನೋಡಿತು.

“ಇನ್ನೂ ಒಳಗೇ ಅದಲ್ಲಪ್ಪ!” ಎಂದ ಮುದ್ದಯ್ಯ.

ಜಲಾಲ್ ಹುಳವನ್ನು ಬೆರಳಿನಿಂದ ಚಿಮ್ಮಿದ. ಸುಮ್ಮನಿರಲಾಗಲಿಲ್ಲ ಅವನಿಗೆ. “ನಾನ್ ಕಣ್ಣಾರೆ ನೋಡಿವ್ನಿ ಅಣ್ಣ. ಡಾಕ್ಟರು ಟ್ರೇನಲ್ಲಿ ತಂದು ತೋರ್ಸುದ್ರು. ನಿಂಬೆಹಣ್ಣಿನಷ್ಟು. ಅಷ್ಟೇಯ.”

“ನಿಂಬೆಹಣ್ಣಿಗೆ ಅಷ್ಟುದ್ದ ಗೆರೆನಾ?” ಮುದ್ದಯ್ಯ ನಕ್ಕ. “ಈಲಿನೇ ಇಲ್ಲ ಅನ್ಸುತ್ತೆ ಇವ್ನಿಗೆ.”

ರವಿಚಂದ್ರನಿಗೆ ರೇಗಿತು. “ಇಲ್ವಾ? ಡಾಕ್ಟರು ಏನಂದ್ರು ಗೊತ್ತಾ ದೊಡ್ಡಪ್ಪ? ಕುಡೀದೆ ಇರೋನ ಈಲಿ, ಕುರಿಮರಿದು ಇದ್ದಂಗದೆ ಅಂದ್ರು. ಅರ್ಧ ಕುಯ್ದಿದ್ರೂ ನಂಗೇನೂ ಆಯ್ತಿರ್ನಿಲ್ಲ. ರೇಸ್ಮೆ ಕಡ್ಡಿ ಕುಯ್ದ್ ಮ್ಯಾಲೆ ಚಿಗುರ್ತದಲ್ಲ, ಅಂಗೆ ತಿರ್ಗ ಬೆಳೀತದೆ!”

ಹೊನ್ನಯ್ಯ ಎಲೆಯಿಂದ ತಲೆ ಎತ್ತಿದರು. ಬಂದಾಗಿನಿಂದ ಅವರು ಆಡಿದ ಮೊದಲ ಮಾತು ಅದು.

“ತಿರ್ಗ ಬೆಳೀತದಾ?”

“ಬೆಳೀತದೆ ಯಜಮಾನ್ರೆ. ತಿಂಗಳೊಪ್ಪತ್ನಲ್ಲಿ.”

“ನಿಮ್ಮ ಬ್ಲಡ್ಡು ಯಾವ್ದು?” ಅಶೋಕ ಕೇಳಿದ.

“ಓ ಪಾಸಿಟಿವ್.”

ಅಣ್ಣತಮ್ಮಂದಿರು ಮುಖ ನೋಡಿಕೊಂಡರು. ಅಶೋಕ ನೀರು ಕುಡಿದು ಲೋಟ ಕೆಳಗಿಟ್ಟ. “ನಮ್ಗೆ ಒಪ್ಗೆ ಕಣಮ್ಮ.”

ಅಂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುದ್ದಯ್ಯನ ಮೂರನೇ ಒಬ್ಬಟ್ಟು ರುಚಿ ಕೆಟ್ಟಿತು. ರವಿಚಂದ್ರ ಬದನೆಕಾಯಿಯನ್ನು ಇನ್ನೂ ಬಹುಮಾನದ ಹಾಗೆ ಹಿಡಿದುಕೊಂಡೇ ನಿಂತಿದ್ದ.

“ಗದ್ದೆ ನೋಡ್ನೇ ಇಲ್ವಲ್ಲಪ್ಪ. ಒಂದ್ ಗಳಿಗೆ ಓಗ್ಬುಟ್ಟು ಬನ್ನಿ,” ಎಂದಳು ಅಂಕಮ್ಮ.

“ಗದ್ದೆ ಎಲ್ರಿಗೂ ಅದೆ ಬುಡಿ. ಮದ್ದೂರಿಂದ ಮಂಡ್ಯ ಗಂಟ ಗಂಡು ನೋಡಾಯ್ತು. ಈಲಿ ಸರಿಯಾಗಿರೋ ಗಂಡೇ ಸಿಗ್ನಿಲ್ಲ,” ಎಂದ ಅಶೋಕ.

ಹೊನ್ನಯ್ಯ ಕಪ್ಪು ಕನ್ನಡಕ ತೆಗೆದರು. ಕಣ್ಣು ಅರಿಶಿನದಲ್ಲಿ ಅದ್ದಿ ತೆಗೆದಂತಿದ್ದವು.

“ನಮ್ಮಣ್ಣನ ಈಲಿ ಪೂರ್ತಿ ಓಗದೆ,” ಅಶೋಕ ಹೇಳಿದ. “ಬೇರೆಯೋರ್ದು ಒಂದು ತುಂಡು ಆಕುದ್ರೆ ಉಳೀತಾರಂತೆ. ನಂಗೆ ಸಕ್ಕರೆ ಕಾಯ್ಲೆ, ಆಗಲ್ಲ. ಅಮೃತಂದು ಬ್ಲಡ್ಡು ಕೂಡಲ್ಲ. ಅಳಿಯ ಆಗೋನ್ನ ಇದು ಕೇಳದು ಎಂಗೆ ಅಂತ ದಾರಿ ಉದ್ದಕ್ಕೂ ಒದ್ದಾಡ್ಕಂಡು ಬಂದೊ. ದೇವ್ರಂಗೆ ನೀವೇ ಅಂದ್ರಿ, ಅರ್ಧ ಕುಯ್ದ್ರೂ ಬೆಳೀತದೆ ಅಂತ.”

ರವಿಚಂದ್ರ ಬದನೆಕಾಯಿಯನ್ನು ಮೆಲ್ಲಗೆ ಕೆಳಗಿಟ್ಟ. “ಅದು… ಈಗ ಗೆಪ್ತಿಗೆ ಬತ್ತಾ ಅದೆ ಅಣ್ಣ. ತೆಗ್ದದ್ದು ಒಸಿ ಜಾಸ್ತಿನೇ ಇತ್ತು. ತೆಂಗಿನಕಾಯಷ್ಟು.”

ಇನ್ನೇನು ಹೆಣ್ಣು ತಪ್ಪಿಹೋಗುತ್ತದೆ ಎಂದು ಜಲಾಲ್ ಗಾಬರಿಯಾದ. “ಸುಳ್ಳು ಅಣ್ಣ! ನಿಂಬೆಹಣ್ಣು! ಅಲ್ಲಾನಾಣೆ ನಿಂಬೆಹಣ್ಣು!”

“ಒಂದ್ಸಲ ಕುಯ್ಸ್ಕಂಡು ಅಭ್ಯಾಸನೂ ಅದೆ,” ಮುದ್ದಯ್ಯನಿಗೆ ಒಬ್ಬಟ್ಟಿನ ರುಚಿ ಮರಳಿತ್ತು. “ಗೆರೆನೂ ರೆಡಿ ಅದೆ. ಅದ್ರ ಮ್ಯಾಲೇ ಕುಯ್ದ್ರಾಯ್ತು.”

“ಒಂದ್ಸಲ ಕುಯ್ದೋನ್ನ ತಿರ್ಗ ಕುಯ್ಯಕ್ಕೆ ಡಾಕ್ಟರು ಒಪ್ತಾರಾ?” ರವಿಚಂದ್ರ ಕೊನೆಯ ಆಸೆಯಿಂದ ಕೇಳಿದ.

“ನಾಳೆನೇ ಓಗಿ ಕೇಳಾಣ. ಒಪ್ಪುದ್ರೆ ಮುಂದಿನ ತಿಂಗ್ಳೇ ಮದ್ವೆ.”

“ಒಪ್ಪದಿದ್ರೆ?”

ಅಶೋಕ ಕೈ ತೊಳೆಯಲು ಎದ್ದ. “ಹಲಗೂರ್ನಲ್ಲಿ ಇನ್ನೊಂದು ಗಂಡು ಅದೆ. ಅವ್ನೂ ಕುಡಿಯಲ್ವಂತೆ.”

ಕಾರಿನ ತನಕ ಎಲ್ಲರೂ ಕಳಿಸಲು ಬಂದರು. ಅಂಕಮ್ಮ ಮಗನ ಕಿವಿಯಲ್ಲಿ, “ದೇವ್ರಿಗೆ ಏನಂತ ಕೈ ಮುಗೀಲಿ ಮಗ? ಡಾಕ್ಟರು ಒಪ್ಲಿ ಅಂತ್ಲಾ, ಒಪ್ದೆ ಇರ್ಲಿ ಅಂತ್ಲಾ?” ಎಂದಳು. ರವಿಚಂದ್ರ ಕಾರಿನ ಬಾಗಿಲು ಹಾಕಿದ. ಪಕ್ಕೆಯ ಕೆಳಗೆ ಮತ್ತೆ ಕಡಿಯತೊಡಗಿತು. ಅಂಗಿಯೊಳಗೆ ಕೈ ಹಾಕಿದ.

ಕಾರಿನ ಗಾಜು ಇಳಿಯಿತು. ಹೊನ್ನಯ್ಯ ಹಳದಿ ಕಣ್ಣುಗಳಿಂದ ಅವನ ಕೈಯನ್ನೇ ನೋಡುತ್ತಿದ್ದರು.

“ಅಷ್ಟು ಜೋರಾಗಿ ಕೆರ್ಕಬ್ಯಾಡಿ ಅಳಿಯಂದ್ರೆ,” ಎಂದರು ಅಕ್ಕರೆಯಿಂದ. “ಒಳಗಡೆದಕ್ಕೆ ಏಟು ಬಿದ್ದಾತು.”