ಧಡ್ ಇದೆ, ಟಿಕ್ ಇಲ್ಲ

ನಮ್ಮ ಸೋದರಮಾವನಿಗೆ ಕಣ್ಣು, ಮೂಗು, ನಾಲಗೆಗಳನ್ನು ಕೊಟ್ಟದ್ದು ದೇವರು. ಕಿವಿಯನ್ನು ಮಾತ್ರ ಅವರೇ ಮಾಡಿಕೊಂಡಿದ್ದಾರೆ! ಇದು ನನ್ನ ಮಾತಲ್ಲ, ಅವರದೇ ಪ್ರಚಾರ. ಅಡುಗೆಮನೆಯಲ್ಲಿ ಮಿಕ್ಸಿ ಒಂದು ಸುತ್ತು ತಿರುಗಿದರೆ ಸಾಕು, ಒಳಗಿರುವುದು ಕಡಲೆಬೇಳೆಯೋ ಉದ್ದಿನಬೇಳೆಯೋ ಎಂದು ಹಜಾರದಿಂದಲೇ ಹೇಳುತ್ತಿದ್ದ ಮಹಾನುಭಾವರು!

ಮದರಾಸಿನ ಕೋಡಂಬಾಕ್ಕಂನಲ್ಲಿ ಕನ್ನಡ ಸಿನಿಮಾಗಳೂ ತಯಾರಾಗುತ್ತಿದ್ದ ಕಾಲದಲ್ಲಿ ಮಾವ ಅಲ್ಲಿಯ ಸ್ಟುಡಿಯೋ ಒಂದರಲ್ಲಿ ಸದ್ದು ಮಾಡುವ ಕೆಲಸಕ್ಕಿದ್ದರು. ನಗಬೇಡಿ, ಕೆಲಸವೇ ಅದು. ಪರದೆಯ ಮೇಲೆ ಕುದುರೆ ಓಡಿದರೆ ಕತ್ತಲೆ ಕೋಣೆಯಲ್ಲಿ ಇವರು ತೆಂಗಿನ ಚಿಪ್ಪು ಕುಟ್ಟಬೇಕು. ಖಳನ ಕೆನ್ನೆಗೆ ಏಟು ಬಿದ್ದರೆ ಇವರು ತಮ್ಮ ತೊಡೆಗೆ ಬಾರಿಸಿಕೊಳ್ಳಬೇಕು. ನಾಯಕ ಮೋಟಾರ್ ಸೈಕಲ್ ಏರಿದನೋ, ಸ್ಟುಡಿಯೋ ಹಿತ್ತಿಲಲ್ಲಿ ಮಾವ ತಮ್ಮ ಸ್ವಂತ ಗಾಡಿಯನ್ನು ಒದೆಯಬೇಕು. "ಆ ಕಾಲದ ಹೀರೋಗಳೆಲ್ಲ ಓಡಿಸಿದ್ದು ನನ್ನ ಗಾಡೀನೇ ಕಣೋ. ಮುಖ ಅವರದು, ಸದ್ದು ನಂದು!" ಎಂದು ಈಗಲೂ ಎದೆ ತಟ್ಟಿಕೊಳ್ಳುತ್ತಾರೆ. ಆ ತಟ್ಟಿದ ಸದ್ದೂ ಸೊಗಸಾಗಿಯೇ ಇರುತ್ತದೆ ಅನ್ನಿ.

ಮಾವನ ಮಂಡಿಗೆ ಆಪರೇಷನ್ ಆದ ಮೇಲೆ ಆ ಗಾಡಿ ಎಂಟು ವರ್ಷ ವಡಪಳನಿಯ ಅವರ ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಟಾರ್ಪಾಲು ಹೊದ್ದು ಮಲಗಿತ್ತು. ಈ ವರ್ಷ ಅಪಾರ್ಟ್‌ಮೆಂಟಿನ ಸಂಘದವರು ಚೀಟಿ ಅಂಟಿಸಿದರು: ಓಡುವ ವಾಹನಗಳಿಗೆ ಮಾತ್ರ ಜಾಗ. ಮಾವ ಆ ಚೀಟಿಯ ಮುಂದೆಯೇ ನಿಂತು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟರು. "ನಾಲ್ಕು ಭಾನುವಾರ ಸಾಕು. ಅಷ್ಟರೊಳಗೆ ಇದರ ರೋಗಾನ ನನ್ನ ಕಿವಿಯೇ ಹಿಡಿದು ಕೊಡದಿದ್ರೆ, ನಾನೇ ಗುಜರಿಯವನನ್ನ ಕರೆಸ್ತೀನಿ. ಕಿವಿ ಸೋತ ಮೇಲೆ ಗಾಡಿ ಯಾತಕ್ಕೆ?"

ಶಪಥ ಅವರದು; ಭಾನುವಾರಗಳು ಯಾರವು? ನನ್ನವು! ವಾರಕ್ಕೆ ಆರು ದಿನ ಶೋಳಿಂಗನಲ್ಲೂರಿನ ಆಫೀಸಿಗೆ ಹೋಗಿ ಬಂದು ಸುಣ್ಣವಾಗುವವನು ನಾನು. ಉಳಿದ ಒಂದು ದಿನವೂ ಎಣ್ಣೆ ಮಸಿಯಲ್ಲಿ ಹೋಯಿತು.

ಮೊದಲ ಭಾನುವಾರ ನನ್ನ ಬಲಗಾಲು ಮರಗಟ್ಟುವ ತನಕ ಒದೆಸಿಕೊಂಡು ಗಾಡಿ ಕಣ್ಣು ಬಿಟ್ಟಿತು. ಧಡ್, ಧಡ್, ಧಡ್, ಪುಸ್! ಆಮೇಲೆ ಸೈಲೆನ್ಸರಿನಿಂದ ಢಮಾರ್! ಮೊದಲ ಮಹಡಿಯ ಮಗು ಕಿಟಾರನೆ ಕಿರುಚಿತು. ಮಾವ ಮಾತ್ರ ಕಣ್ಣು ಮುಚ್ಚಿ, ಸಂಗೀತ ಕಚೇರಿ ಕೇಳುವವರಂತೆ ತಲೆದೂಗುತ್ತಿದ್ದರು.

"ನಾಲ್ಕನೇ ಏಟು ನುಂಗ್ತಿದೆ. ಹೊಟ್ಟೆ ಕೆಟ್ಟಿದೆ ಇದಕ್ಕೆ."

ಟ್ಯಾಂಕ್ ಬಿಚ್ಚಿದರೆ ಹಳೆಯ ಪೆಟ್ರೋಲು ವಾರ್ನಿಷ್ ಹಾಗೆ ನಾರುತ್ತಿತ್ತು. ಕಾರ್ಬ್ಯುರೇಟರಿನ ಸಣ್ಣ ತೂತುಗಳಲ್ಲಿ ಹಸಿರು ಅಂಟು. ಅದಕ್ಕೆ ಮಾವನ ಚಿಕಿತ್ಸೆ ಏನು ಗೊತ್ತೆ? ಅತ್ತೆ ವಾಕಿಂಗಿಗೆ ಹೋದ ಸಮಯ ನೋಡಿ, ಅವರ ಇಡ್ಲಿ ಪಾತ್ರೆಯಲ್ಲಿ ನಿಂಬೆಹಣ್ಣು ಹಿಂಡಿ ಕಾರ್ಬ್ಯುರೇಟರನ್ನು ಕುದಿಸಿದರು! ಅದು ಫಳಫಳ ಹೊಳೆಯಿತು, ನಿಜ. ಆದರೆ ಆ ವಾರದ ಇಡ್ಲಿಯನ್ನು ಕಾಗೆಯೂ ಮೂಸಲಿಲ್ಲ.

"ಏನ್ರೀ! ಇಡ್ಲಿಗೆ ಯಾವ ಬಂಕಿಂದ ಹಿಟ್ಟು ತಂದ್ರಿ?" ಎಂದು ಅತ್ತೆ ಕೂಗಿದ್ದು ಎದುರು ಮನೆಯವರಿಗೂ ಕೇಳಿಸಿತು. ಈ ನಡುವೆ ಅತ್ತೆಯ ದನಿಯೇ ಹಾಗಾಗಿತ್ತು. "ಸಾರಿಗೆ ಉಪ್ಪು ಸಾಕಾ?" ಎನ್ನುವುದನ್ನೂ ಬಸ್ ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗುವವರಂತೆ ಕೂಗುತ್ತಿದ್ದರು. ನಲವತ್ತು ವರ್ಷ ಇಂಥವರೊಡನೆ ಬಾಳಿ ಒಳಗೇ ಅದುಮಿಟ್ಟದ್ದು ಈಗ ಹೊರಗೆ ಬರುತ್ತಿದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ತಪ್ಪೇನು? ಮಾವನ ಕಾಟ ಗಾಡಿಗೇ ನಿಂತಿರಲಿಲ್ಲವಲ್ಲ! ಬೆಲ್ ಕೆಟ್ಟಿದೆ ಎಂದು ಒಂದೇ ವರ್ಷದಲ್ಲಿ ಮೂರು ಕಾಲಿಂಗ್ ಬೆಲ್ ಬದಲಾಯಿಸಿದ್ದರು. ಕುಕ್ಕರ್ ವಿಸಲ್ ಹಾಕುತ್ತಿಲ್ಲ ಎಂದು ಗ್ಯಾಸ್ಕೆಟ್ಟು, ವೆಯ್ಟು, ಕಡೆಗೆ ಕುಕ್ಕರನ್ನೇ ಬದಲಾಯಿಸಿದ್ದರು.

ಎರಡನೆಯ ಭಾನುವಾರವೂ ಗಾಡಿ ನಾಲ್ಕನೇ ಏಟು ನುಂಗಿತು. ಮೂರನೆಯ ಭಾನುವಾರ, ನಾನು ಕೈಕಾಲು ಹಿಡಿದ ಮೇಲೆ, ಮಾವ ಬೀದಿ ಕೊನೆಯ ಮೆಕ್ಯಾನಿಕ್ ಸೆಲ್ವಂನನ್ನು ಒಳಗೆ ಬಿಟ್ಟರು. ಅವನು ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡ. ಮಾವ ಪಕಪಕ ನಕ್ಕರು. "ನೋಡೋ, ಊರುಗೋಲು ಹಿಡಿದ ಕಿವಿ!"

ಆ ಊರುಗೋಲಿನವನೇ ಪ್ಲಗ್ಗಿನ ವೈರನ್ನು ಇಲಿ ಕಡಿದದ್ದನ್ನು ಪತ್ತೆ ಮಾಡಿದ. ಮಾವನಿಗೆ ಪುರಾವೆ ಬೇಕಾಯಿತು; ನನ್ನ ಕಡೆ ತಿರುಗಿದರು.

"ಆ ವೈರು ಹಿಡ್ಕೊ. ಕರೆಂಟು ಸೋರುತ್ತಾ ನೋಡೋಣ."

"ಅಮ್ಮಾ!"

"ಸೋರುತ್ತೆ," ಎಂದು ಮಾವ ಸೆಲ್ವಂಗೆ ತೀರ್ಪು ಹೇಳಿದರು.

ವೈರು ಬದಲಾಯಿಸಿದ ಮೇಲೆ ಗಾಡಿ ಒಂದೇ ಒದೆತಕ್ಕೆ ಎದ್ದಿತು. ಒಂದು ಏಟೂ ತಪ್ಪಲಿಲ್ಲ! "ವಂಡಿ ಸೂಪರ್ ಸಾರ್!" ಎಂದ ಸೆಲ್ವಂ. ನನ್ನ ಕಣ್ಣಲ್ಲಿ ಆನಂದಬಾಷ್ಪ. ಮಾವನ ಹುಬ್ಬು ಮಾತ್ರ ಗಂಟಿಕ್ಕಿತ್ತು.

"ಧಡ್ ಇದೆ, ಟಿಕ್ ಇಲ್ಲ."

ಪ್ರತಿ ಧಡ್ಡಿನ ಬೆನ್ನಿಗೂ ಟ್ಯಾಪೆಟ್ ಎಂಬ ಭಾಗದಿಂದ ಸಣ್ಣಗೆ ಟಿಕ್ ಎಂದು ಬರಬೇಕಂತೆ. ಆ ಟಿಕ್ ಇಲ್ಲದ ಗಾಡಿ ತಾಳವಿಲ್ಲದ ಭಜನೆಯಂತೆ. ನನಗೆ ಅದು ಕೇಳುತ್ತಲೇ ಇತ್ತು. ಹೇಳಿದರೆ, "ನಿನ್ನ ಕಿವೀನ ಒಂದು ಕಿವಿ ಅಂತಾರೇನೋ?" ಎಂದು ಬಾಯಿ ಮುಚ್ಚಿಸಿದರು.

ನಾಲ್ಕನೆಯ ಭಾನುವಾರ ಬಂತು. ಸೆಲ್ವಂ ಟ್ಯಾಪೆಟ್ ಬಿಚ್ಚಿ ಹೊಂದಿಸಿದ. "ಇಲ್ಲ," ಎಂದರು ಮಾವ. ಇನ್ನಷ್ಟು ಸಡಿಲಿಸಿದ. "ಇಲ್ಲ." ರೇಗಿ ಪೂರ್ತಿ ಸಡಿಲಿಸಿಬಿಟ್ಟ. ಹೊಲಿಗೆ ಯಂತ್ರದಂತೆ ಟಿಕಟಿಕಟಿಕ! ಗೇಟಿನ ವಾಚ್‌ಮನ್ ಎದ್ದು ಬಂದು ಇಣುಕಿದ. ನಾನು ಗೊಳ್ಳೆಂದು ನಕ್ಕೆ.

ಮಾವ ನಗಲಿಲ್ಲ. ಕತ್ತು ವಾಲಿಸಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಕಡೆಗೆ ಕಣ್ಣು ತೆರೆದರು.

"ಇಲ್ಲ ಕಣೋ. ಸೋತೆ. ಗುಜರಿಯವನಿಗೆ ಫೋನ್ ಮಾಡು."

ಮೂರು ಕಾಲಿಂಗ್ ಬೆಲ್ಲು, ಆ ಕುಕ್ಕರು ಎಲ್ಲ ನನಗೆ ಒಟ್ಟಿಗೆ ನೆನಪಾದವು. ಸೆಲ್ವಂ ನನ್ನನ್ನೊಮ್ಮೆ ನೋಡಿ, ಟ್ಯಾಪೆಟನ್ನು ಸರಿಯಾದ ಅಳತೆಗೆ ಬಿಗಿದು ಗಾಡಿಯನ್ನು ಮತ್ತೆ ಎಬ್ಬಿಸಿದ. ನಾನು ಅವನ ಸ್ಕ್ರೂಡ್ರೈವರನ್ನು ಮಾವನ ಮುಂದೆ ಹಿಡಿದೆ.

"ಮಾವ, ನನಗೋಸ್ಕರ ಒಂದು ಸಲ."

ಬಯ್ಯುತ್ತಾರೆಂದುಕೊಂಡಿದ್ದೆ. ಬಯ್ಯಲಿಲ್ಲ. ಬಗ್ಗಿ ಮೊನೆಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಯ ಹಿಂದೆ ಒತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಎಡಗೈಯ ತೋರುಬೆರಳು ತೊಡೆಯ ಮೇಲೆ ಕುಣಿಯತೊಡಗಿತು. ಟಿಕ್, ಟಿಕ್, ಟಿಕ್. ನನಗೆ ಕೇಳುತ್ತಿದ್ದ ತಾಳಕ್ಕೆ ಒಂದು ಕೂದಲಿನಷ್ಟೂ ಹೆಚ್ಚುಕಡಿಮೆಯಿಲ್ಲದೆ! ಸ್ಕ್ರೂಡ್ರೈವರ್ ತೆಗೆದರು, ಬೆರಳು ನಿಂತಿತು. ಮತ್ತೆ ಇಟ್ಟರು, ಬೆರಳು ಕುಣಿಯಿತು. ತೆಗೆದರು.

ತಾವೇ ಎಂಜಿನ್ ಆರಿಸಿದರು.

"ಗಾಡಿ ಸರಿಯಾಗೇ ಇದೆ. ಗುಜರಿಗೆ ಬೇಡ," ಎಂದರು ಮೆಲ್ಲಗೆ.

ಅಷ್ಟರಲ್ಲಿ ಎರಡನೇ ಮಹಡಿಯ ಬಾಲ್ಕನಿಯಿಂದ ಅತ್ತೆ ಬೀದಿಯೇ ಬೆಚ್ಚುವಂತೆ ಕೂಗಿದರು. "ಏನ್ರೀ! ಕಾಫಿ ಆರ್ತಾ ಇದೆ! ಬನ್ರೀ!"

ಮಾವ ತಲೆಯೆತ್ತಿ ಬಾಲ್ಕನಿಯ ಕಡೆಗೆ ನೋಡುತ್ತಾ ನಿಂತರು.

"ಇವಳು ಯಾವಾಗಿಂದ ಹೀಗೆ ಕೂಗ್ತಿದಾಳೋ?"

"ಒಂದೆರಡು ವರ್ಷ ಆಗಿರಬೇಕು, ಮಾವ."

"ನನಗೆ ಮಾಮೂಲಿ ದನಿಯ ಹಾಗೇ ಕೇಳ್ತಿತ್ತಲ್ಲೋ," ಎಂದರು. ಹಳೆ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಅತ್ತೆ ಇನ್ನೊಮ್ಮೆ ಕೂಗುವ ಮೊದಲೇ, ಆ ಕೆಟ್ಟ ಮಂಡಿಯಲ್ಲೇ ಬೇಗಬೇಗ ಮೆಟ್ಟಿಲು ಹತ್ತತೊಡಗಿದವರು ನಡುವೆ ನಿಂತು ನನ್ನ ಕಡೆ ತಿರುಗಿದರು.

"ಗಂಟಲು ನೋಯಲ್ವೇನೋ ಅವಳಿಗೆ?"