ಹಿಡಿಕೆಯಣ್ಣ ಕೆಲಸ ಬಿಟ್ಟ ದಿನ

ಕೊಡೆ ಕಾರ್ಖಾನೆಯಲ್ಲಿ ಕೊಡೆಗಳಿಗೆ ಹಿಡಿಕೆ ಕೂರಿಸುವ ಹಿಡಿಕೆಯಣ್ಣ ಅಂದು ಬೆಳಗ್ಗೆ ಸ್ಟೂಲಿನ ಕಾಲು ಮುರಿದು ದೊಪ್ಪನೆ ನೆಲಕ್ಕೆ ಬಿದ್ದ. ಎಲ್ಲರೂ ಗೊಳ್ಳೆಂದು ನಕ್ಕರು. ಅವನಿಗೆ ಮೈಯೆಲ್ಲ ಉರಿದುಹೋಯಿತು.

"ನಗ್ರಿ, ನಗ್ರಿ! ಪಕ್ಕದ ಬೀದಿ ಕಾರ್ಖಾನೆಯವ್ರು ಮೇಲ್ವಿಚಾರಕ ಆಗಿ ಅಂತ ದಿನಾ ಗೋಗರೀತಿದಾರೆ. ಇವತ್ತೇ ಬಿಟ್ಟೆ ಈ ಕೆಲಸ!"

ಶುದ್ಧ ಸುಳ್ಳು. ಪಕ್ಕದ ಬೀದಿಯವರಿಗೆ ಅವನ ಮುಖಪರಿಚಯವೂ ಇರಲಿಲ್ಲ.

ನಗು ಗಕ್ಕನೆ ನಿಂತಿತು. ಬಟ್ಟೆ ಹೊಲಿಯುವ ಹೊಲಿಗೆಯಕ್ಕ ಕಣ್ಣೊರೆಸಿಕೊಳ್ಳುತ್ತ, "ನೀವು ಹೋದ್ರೆ ನಮ್ಮ ಗತಿಯೇನಣ್ಣಾ?" ಎಂದು ತನ್ನ ಕುರ್ಚಿಯನ್ನೇ ತಂದು ಹಾಕಿದಳು. ಕಡ್ಡಿ ಬಗ್ಗಿಸುವವನು ತನ್ನ ಫ್ಯಾನನ್ನು ಇವನತ್ತ ತಿರುಗಿಸಿ ಹೇಳಿದ:

"ಬಿರುಗಾಳಿಗೆ ಕೊಡೆ ಹಾರಿಹೋದ್ರೂ ನೀವು ಕೂರಿಸಿದ ಹಿಡಿಕೆ ಕೈಯಲ್ಲೇ ಇರುತ್ತಣ್ಣ. ಅಂಥ ಕೆಲಸ ಇನ್ಯಾರು ಮಾಡ್ತಾರೆ?"

ಹಿಡಿಕೆಯಣ್ಣನ ಎದೆ ಹೊಸ ಕೊಡೆಯ ಹಾಗೆ ಫಟ್ಟನೆ ಬಿಚ್ಚಿಕೊಂಡಿತು. ಇಷ್ಟು ವರ್ಷ ಈ ಮಾತನ್ನು ಇವರೆಲ್ಲ ಎಲ್ಲಿ ಬಚ್ಚಿಟ್ಟಿದ್ದರು?

ಊಟದ ಹೊತ್ತಿಗೆ ಯಜಮಾನರಿಂದ ಕರೆ ಬಂತು. ಹಿಂದೆಯೇ ಇಡೀ ಕಾರ್ಖಾನೆ ಬಂದು ಬಾಗಿಲಲ್ಲಿ ಇಣುಕಿತು.

"ಹೋಗ್ತೀರಂತೆ?" ಎಂದರು ಯಜಮಾನರು, ಸಪ್ಪಗೆ.

ಹಿಡಿಕೆಯಣ್ಣ ತಿರುಗಿ ಅಷ್ಟೂ ಮುಖಗಳನ್ನು ನೋಡಿದ. "ಸಿಂಹಾಸನ ಕೊಟ್ರೂ ಹೋಗಲ್ಲ ಸಾರ್! ಇಲ್ಲಿ ನನ್ನ ಕೆಲಸಕ್ಕೆ ಬೆಲೆ ಇದೆ. ಬೆನ್ನಿಗೆ ಇಷ್ಟು ಜನ ನಿಂತಿದಾರೆ. ಇನ್ನೇನು ಬೇಕು?"

ಈ ಸಲ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಚಪ್ಪಾಳೆಗೆ ಕಿಟಕಿ ಗಾಜು ಅದುರಿತು.

ಯಜಮಾನರು ಎದ್ದು ಬಂದು ಅವನನ್ನು ತಬ್ಬಿಕೊಂಡರು. "ಎಂಥಾ ಮನುಷ್ಯರ್ರೀ ನೀವು! ಸುದ್ದಿ ಕೇಳಿದ್ದೇ ನಾನು ಪಕ್ಕದ ಬೀದಿಯವರಿಗೆ ಫೋನ್ ಮಾಡಿ, ನಮ್ಮವನನ್ನ ಕದೀತೀರಾ ಅಂತ ಬೈದೆ. ಮೊದಲು ಏನೂ ಗೊತ್ತಿಲ್ಲದವರ ಹಾಗೆ ನಾಟಕ ಆಡಿದ್ರು. ಆಮೇಲೆ, 'ಅಷ್ಟು ಒಳ್ಳೆ ಕೆಲಸಗಾರನಾ? ಮೇಲ್ವಿಚಾರಕನ ಜಾಗ ಖಾಲಿ ಇದೆ, ಇವತ್ತೇ ಕಳಿಸಿ' ಅಂದ್ರು. ನಿಮ್ಮ ಏಳಿಗೆಗೆ ಅಡ್ಡ ಬರಬಾರದು ಅಂತ ನಾನೂ ಒಪ್ಕೊಂಡಿದ್ದೆ. ನೀವೇ ಒದ್ದುಬಿಟ್ರಲ್ಲ!"

"ಸಾರ್... ಅದು..."

ಯಜಮಾನರು ಆಗಲೇ ಫೋನಿನಲ್ಲಿದ್ದರು. "ಅವರು ಬರಲ್ವಂತೆ... ಬೇರೆಯವರಾ? ಹೊಲಿಗೆಯಕ್ಕಾ, ನೀವು ಹೋಗ್ತೀರಾ?"

ಹೊಲಿಗೆಯಕ್ಕ ಹಿಡಿಕೆಯಣ್ಣನ ಎರಡೂ ಕೈ ಹಿಡಿದುಕೊಂಡಳು. "ಹೋಗ್ತೀನಿ ಸಾರ್. ಅಣ್ಣ ಇಲ್ಲೇ ಇರ್ತಾರಲ್ಲ, ಇನ್ನು ಈ ಕಾರ್ಖಾನೆ ಚಿಂತೆ ನಂಗಿಲ್ಲ!"

ಮತ್ತೆ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಹಿಡಿಕೆಯಣ್ಣನೇ. ಕೈಗಳಿಗೆ ಬೇರೇನು ಮಾಡಬೇಕೆಂದು ತೋಚಲಿಲ್ಲ.