ಮೂರು ಬೈಂಡಿಂಗು, ಮೂವರು ಭಾವಂದಿರು

ಕಂಪ್ಯೂಟರ್ ಬಲ್ಲ ಮನುಷ್ಯ ಆ ಸಂಗತಿಯನ್ನು ಹೆಂಡತಿಯ ತವರಿನಲ್ಲಿ ಮಾತ್ರ ಬಾಯಿ ಬಿಡಬಾರದು. ನಾನು ಮದುವೆಯ ಮಾರನೆಯ ದಿನವೇ ಬಿಟ್ಟೆ. ನಾನು ಮಿರಜದಲ್ಲಿ ನಡೆಸುವುದು ಒಂದು ಸಣ್ಣ ಕಂಪ್ಯೂಟರ್ ಕ್ಲಾಸು. ತವರಿನವರು ಅಂದಿನಿಂದ ಮಿಕ್ಸರಿನಿಂದ ಹಿಡಿದು ಬೋರಿನ ಮೋಟಾರಿನವರೆಗೆ ಎಲ್ಲವನ್ನೂ ನನಗೆ ತೋರಿಸತೊಡಗಿದರು. ಅಳಿಯನಾದವನು "ಗೊತ್ತಿಲ್ಲ" ಅನ್ನುವುದಾದರೂ ಹೇಗೆ?

ಮಾವನವರು ತೀರಿಕೊಂಡ ಮೇಲೆ ಪಕ್ಕದ ಕುಪವಾಡದಲ್ಲಿದ್ದ ಅವರ ಮನೆಯೂ ಒಣದ್ರಾಕ್ಷಿ ಗೋದಾಮೂ ಮೂವರು ಭಾವಂದಿರಲ್ಲಿ ಪಾಲಾದವು. ನಡುವೆ ಗೋಡೆಗಳೆದ್ದವು, ಮಾತು ನಿಂತಿತು. ಕಾಟಾ ಎಂದು ಅವರು ಕರೆಯುವ ತೂಕದ ಯಂತ್ರವೊಂದನ್ನು ಮಾತ್ರ ಅತ್ತೆ ಪಾಲು ಮಾಡಗೊಡಲಿಲ್ಲ. "ಕಾಟಾದ ಮುಂದರ ಮೂರೂ ಮಂದಿ ಒಬ್ಬರ ಮಾರಿ ಒಬ್ಬರು ನೋಡ್ಲಿ" ಎಂಬುದು ಆಕೆಯ ಆಸೆ. ಮುಖ ನೋಡಬಾರದೆಂದೇ ಭಾವಂದಿರು ಯಂತ್ರಕ್ಕೊಂದು ಕಂಪ್ಯೂಟರ್ ಜೋಡಿಸಿ, ತೂಕ ನೇರವಾಗಿ ತಮ್ಮ ತಮ್ಮ ಕೋಣೆಗೇ ಬರಬೇಕೆಂದರು. ಕೆಲಸ ನನ್ನ ತಲೆಗೆ ಬಂತು.

ತೂಕ ಓದುವ ಲೈಬ್ರರಿ, ಅಂದರೆ ಯಂತ್ರದ ಜೊತೆ ಕೊಟ್ಟ ಸಿದ್ಧ ಸಾಫ್ಟ್‌ವೇರಿನ ಗಂಟು, ಒಂದೇ. ಆದರೆ ಭಾವಂದಿರು ಹಟಕ್ಕೆ ಬಿದ್ದು ಬೇರೆ ಬೇರೆಯವರಿಂದ ಪ್ರೋಗ್ರಾಂ ಬರೆಸಿದ್ದರು. ಹಿರಿಯರದು ಜಾವಾ, ನಡುವಿನವರದು ಪೈಥಾನ್, ಕಿರಿಯರದು ಪರ್ಲ್. ಒಂದೊಂದು ಕಂಪ್ಯೂಟರ್ ಭಾಷೆಯೂ ಲೈಬ್ರರಿಯೊಡನೆ ಮಾತಾಡಬೇಕಾದರೆ ನಡುವೆ ಅದಕ್ಕೊಂದು ಬೇರೆ ಕೊಂಡಿ, ಅಂದರೆ ಬೈಂಡಿಂಗ್, ಹಾಕಬೇಕು. ಜಾವಾದ್ದು ಹಾಕಿದೆ; ಪಕ್ಕದ ಫೋಲ್ಡರಿನಲ್ಲೇ ಕುಳಿತಿದ್ದ ಲೈಬ್ರರಿಯನ್ನು ಅದು "ಸಿಗಲಿಲ್ಲ" ಎಂದಿತು. ರಮಿಸಿ ತೋರಿಸಿಕೊಟ್ಟೆ. ಪೈಥಾನಿನದಕ್ಕೆ ಲೈಬ್ರರಿಯ ಹಳೆಯ ಆವೃತ್ತಿಯೇ ಬೇಕಂತೆ. ಅದನ್ನು ಹಾಕಿದ್ದೇ ತಡ, ಜಾವಾ ಮಲಗಿತು. ಪರ್ಲಿನದು ಯಾವ ತಕರಾರೂ ಇಲ್ಲದೆ ಕೂತು, ಪ್ರತಿ ಚೀಲದ ತೂಕವನ್ನೂ ಸೊನ್ನೆ ಎಂದು ತೋರಿಸಿತು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ನಡುನಡುವೆ ಲೋಡ್ ಶೆಡ್ಡಿಂಗ್ ಬೇರೆ. ಸಾಲದ್ದಕ್ಕೆ ಅವರದು ಜೈನರ ಮನೆತನ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಡೌನ್‌ಲೋಡ್ ಇನ್ನೇನು ಮುಗಿಯಿತು ಎನ್ನುವಾಗ ಮೂರೂ ಮನೆಗಳಿಂದ ಕರೆ. ಒಂದು ಮನೆಯಲ್ಲಿ ಉಂಡು ಇನ್ನೊಂದರಲ್ಲಿ ಬಿಟ್ಟರೆ ಹೊಸ ಜಗಳ. ಹಾಗಾಗಿ ಮೂರೂ ಕಡೆ ಉಂಡು, ಬೆಲ್ಟು ಸಡಿಲಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ.

ಇತ್ತ ಕೋಣೆಗೆ ತೂಕ ಬಾರದೆ ಭಾವಂದಿರಿಗೆ ಬೇರೆ ದಾರಿ ಉಳಿಯಲಿಲ್ಲ. ಯಂತ್ರದ ಮುಂದಿನ ಬೆಂಚಿಗೇ ಬಂದು ಕೂತು, ತೂಕ ಕೂಗಿ ಹೇಳಿ ಬರೆದುಕೊಳ್ಳತೊಡಗಿದರು. ಮೊದಲ ದಿನ ಬರೀ ತೂಕದ ಮಾತು. ಎರಡನೆಯ ದಿನ ಹಿರಿಯರು, "ಮಾಸ್ತರಗ ಏನೂ ಬರೂದಿಲ್ಲ ನೋಡೋ" ಎಂದರು. "ಕ್ಲಾಸಿನ್ಯಾಗ ಹುಡುಗೂರಿಗೆ ಏನ ಕಲಸ್ತಾರೋ ಏನೋ" ಎಂದರು ಕಿರಿಯರು. ನಡುವಿನವರು ನಕ್ಕು ಚಹಾ ತರಿಸಿದರು. ಮೂರನೆಯ ದಿನ ಮೂವರೂ ಒಂದೇ ಡಬ್ಬಿಯ ರೊಟ್ಟಿ ಹಂಚಿಕೊಂಡು ತಿನ್ನುತ್ತಾ ನನ್ನನ್ನು ಆಡಿಕೊಂಡರು. ನಾನು ಹಲ್ಲು ಕಚ್ಚಿ, ಒಂದೊಂದು ಬೈಂಡಿಂಗಿಗೂ ಅದು ಕೇಳಿದ ಆವೃತ್ತಿಯನ್ನು ಬೇರೆ ಬೇರೆ ಫೋಲ್ಡರಿನಲ್ಲಿಟ್ಟು, ನಾಲ್ಕನೆಯ ದಿನ ಮೂರನ್ನೂ ನಡೆಸಿಯೇ ಬಿಟ್ಟೆ.

ಮೂರೂ ಕೋಣೆಗಳಲ್ಲಿ ಸರಿಯಾದ ತೂಕ ಮೂಡಿತು. ಭಾವಂದಿರು ಒಬ್ಬೊಬ್ಬರೇ ಎದ್ದು ಹೋಗಿ ತಮ್ಮ ತಮ್ಮ ಬಾಗಿಲು ಹಾಕಿಕೊಂಡರು. ಅತ್ತೆ ಬಂದು ಖಾಲಿ ಬೆಂಚಿನ ಮೇಲೆ ಕೂತರು. ನಾನು ಶಾಬಾಸ್‌ಗಿರಿಗೆ ಕಾದೆ.

"ಛಲೋ ಆತ್ರಿ ಅಳ್ಯಾರ," ಎಂದರು ಆಕೆ ಮೆಲ್ಲಗೆ. "ಈಗ ಅದನ್ನ ನಿನ್ನಿ ಹಂಗ ಕೆಡಸಾಕ ಬರ್ತದೇನ್ರಿ?"

ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ, ಕೇಳಿದ ಕೆಲಸವನ್ನು ಕೇಳಿದ ಕೂಡಲೇ ಮಾಡಿಕೊಟ್ಟೆ. ಮೂರೂ ಬಾಗಿಲು ತೆರೆದವು. ಮೂವರೂ ಒಟ್ಟಿಗೆ ನನ್ನನ್ನು ಬೈಯುತ್ತಾ ಬೆಂಚಿನತ್ತ ಬಂದರು. ಅತ್ತೆ ಸರಿದು ಜಾಗ ಬಿಟ್ಟರು. ಆ ಗುಟ್ಟು ಆಕೆಗೆ ಮತ್ತು ನನಗೆ ಬಿಟ್ಟು ಬೇರೆ ಯಾರಿಗೂ ತಿಳಿಯದು. ಕುಪವಾಡದ ಮಟ್ಟಿಗೆ ನನಗೆ ಇವತ್ತಿಗೂ ಕಂಪ್ಯೂಟರ್ ಬರುವುದಿಲ್ಲ.